ದೊಡ್ಡವ್ವನ ರೊಪ್ಪದ ಕಾಡುತಂಬಾಕು

ಆಗೆಲ್ಲ ಗುಡೇಕೋಟೆ ಸೀಮೆಯ ನಮ್ಮೂರಲ್ಲಿ ಕುರಿಯ ಗಾಯಕ್ಕೆ ಹುಳ ಬಿದ್ದರೆ ದನದ ಡಾಕ್ಟರ ತನಕ ಯಾರೂ ಹೋಗುತ್ತಿರಲಿಲ್ಲ. ಕಾಡುತಂಬಾಕು ಇತ್ತಲ್ಲ. ಎಲೆ ಮುಟ್ಟಿದರೆ ಕೈಗೆ ಅಂಟು, ಮೂಗಿಗೆ ಘಾಟು. ಬಾವು ಬಂದರೆ ಎಲೆಗೆ ಔಡಲ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟುತ್ತಿದ್ದರು. ಹುಳದ ಗಾಯಕ್ಕೆ ಸುಣ್ಣದ ಜೊತೆ ಅರೆದು ತುಂಬುತ್ತಿದ್ದರು. ಬಾಯಿಗೆ ಮಾತ್ರ ಸೋಕಿಸಬಾರದು, ವಿಷ. ಇನ್ನೊಂದು ಕಟ್ಟಳೆ ಇತ್ತು: ಎಲೆ ಕೀಳಲು ಹೋದವರು ಮನೆಗೆ ಬರುವ ತನಕ ತುಟಿ ಬಿಚ್ಚಬಾರದು. ಬಿಚ್ಚಿದರೆ ಔಷಧಿ ಕೆಟ್ಟಿತು.

ಆ ವರ್ಷ ನನ್ನ ಮರಿಯ ತೊಡೆಗೆ ಬೇಲಿ ಮುಳ್ಳು ಗೀರಿ ಹುಳ ಬಿದ್ದವು. ತಾಯಿ ಸತ್ತ ಮರಿ. ಹಾಲಲ್ಲಿ ಬಟ್ಟೆ ಅದ್ದಿ ಕುಡಿಸಿ ನಾನೇ ಬೆಳೆಸಿದ್ದು. ಬೇಸಿಗೆಗೆ ಗುಡ್ಡದ ಗಿಡಗಳೆಲ್ಲ ಒಣಗಿ, ಹಸಿರಾಗಿ ಉಳಿದದ್ದು ದೊಡ್ಡವ್ವ ಕುರಿ ಕೂಡುತ್ತಿದ್ದ ರೊಪ್ಪದ ಹಿಂದೆ ಮಾತ್ರ. ಅಪ್ಪನ ಅಣ್ಣನ ಹೆಂಡತಿ ಆಕೆ. ಮನೆ ಪಾಲಾದ ದಿನ ಒಂದು ತಾಮ್ರದ ಕೊಡ ಕಾಣೆಯಾಗಿ, ಅವ್ವನೇ ಕದ್ದಳೆಂದು ನಡುಗೋಡೆಯಾಚೆಯಿಂದ ದಿನಾ ಬೈಗುಳ.

ನಾಲ್ಕೆಲೆ ಕಿತ್ತಿದ್ದೆ, ದೊಡ್ಡವ್ವ ಬಂದು ಎದುರಿಗೆ ನಿಂತಳು. ಕಟ್ಟಳೆ ಆಕೆಗೂ ಗೊತ್ತು. ನನ್ನ ಬಾಯಿ ಬಿಡಿಸಲೆಂದೇ ಶುರು ಮಾಡಿದಳು. ನನ್ನ ಮೂಗು, ಹರಿದ ಲಂಗ, ಅಪ್ಪನ ಸೋಮಾರಿತನ, ಒಂದೂ ಬಿಡಲಿಲ್ಲ. ಮೈಲಾರಲಿಂಗನನ್ನು ನೆನೆಯುತ್ತ ತುಟಿ ಕಚ್ಚಿಕೊಂಡು ನಿಂತೆ.

"ಕೊಡ ಕದ್ದಾಕಿ ಮಗಳು ಎಲಿ ಕದಿಯಾಕ ಬಂದಾಳ. ನಿಮ್ಮವ್ವ ಚಲೋ ಕಲಿಸ್ಯಾಳ ಬಿಡು" ಎಂದಳು.

"ನಮ್ಮವ್ವ ಕಳ್ಳಿ ಅಲ್ಲ" ಎಂದುಬಿಟ್ಟೆ.

ದೊಡ್ಡವ್ವ ನಕ್ಕಳು. "ಹೋತಲ್ಲ ಔಷಧಿ. ಹೋಗು, ಮರಿಗೆ ಕುಣಿ ತೋಡ್ರಿ."

ಮಾತಾಡಿದ್ಯೇನು ಎಂದು ಅವ್ವ ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ಅವ್ವ ಅರೆದು ತುಂಬಿದಳು. ಘಾಟಿಗೆ ಹುಳಗಳು ಒಂದೊಂದೇ ಹೊರಬಿದ್ದವು. ನನಗೆ ಮಾತ್ರ ಅನ್ನ ಸೇರಲಿಲ್ಲ. ದೊಡ್ಡವ್ವ ಈಗ ಕೂಗಿ ಹೇಳುತ್ತಾಳೆ, ಆಗ ಹೇಳುತ್ತಾಳೆ ಎಂದು ಗೋಡೆಯತ್ತಲೇ ಕಿವಿ. ಸುಳ್ಳು ಹೇಳಿದ್ದು ತಿಳಿದರೆ ಅವ್ವ ಚರ್ಮ ಸುಲಿಯುವವಳು. ಬೈಗುಳ ಬಂತು, ಕೊಡದ ಮಾತೂ ಬಂತು. ನಾನು ಬಾಯಿ ಬಿಟ್ಟದ್ದು ಮಾತ್ರ ಬರಲಿಲ್ಲ.

ಎಂಟನೇ ದಿನ ಮರಿ ಕುಂಟುತ್ತ ಎದ್ದಿತು. "ನನ್ನ ಮಗಳು ಬಾಯಿ ಕಟ್ಟಿದ್ದಕ್ಕ ಉಳೀತು" ಎಂದು ಅವ್ವ ಗೋಡೆಯಾಚೆ ಕೇಳುವಂತೆಯೇ ಹೇಳಿದಳು. ಆಚೆ ದೊಡ್ಡವ್ವನ ಕಸಬರಿಗೆಯ ಸದ್ದು ನಿಂತಿತು. ನಾನು ಮರಿಯ ಕೊರಳು ತಬ್ಬಿ ಹಿಡಿದೆ. ಆಮೇಲೆ ಕಸಬರಿಗೆ ಮತ್ತೆ ಗುಡಿಸತೊಡಗಿತು.

ಈಗ ಆ ರೊಪ್ಪದ ಜಾಗದಲ್ಲಿ ಹಿಟ್ಟಿನ ಗಿರಣಿ. ಕುರಿಯ ಗಾಯಕ್ಕೆ ಅಂಗಡಿಯ ಪುಡಿ. ಎಲ್ಲೋ ಒಂದು ಗಿಡ ಕಂಡು ತೋರಿಸಿದರೆ ಮೊಮ್ಮಕ್ಕಳು ಕಸ ಅನ್ನುತ್ತಾರೆ. ಅವ್ವ, ದೊಡ್ಡವ್ವ ಇಬ್ಬರೂ ಸಾಯುವ ತನಕ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದೊಡ್ಡವ್ವ ಅಂದದ್ದನ್ನು ನಾನೂ ಮರೆತಿಲ್ಲ, ಮರೆಯುವುದೂ ಇಲ್ಲ. ಆದರೂ ಸಂಜೆ ದೀಪ ಹಚ್ಚಿ, ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವಾಗ, ಆ ಕಸಬರಿಗೆ ನಿಂತು ಮತ್ತೆ ಗುಡಿಸಿದ್ದನ್ನೂ ಅದರಲ್ಲಿ ಸೇರಿಸುತ್ತೇನೆ.