ಬಚ್ಚಲಮನೆಯ ಕ್ಯೂಬುಗಳು

೧೯೩೮ರ ನವೆಂಬರ್ ಕೊನೆ. ಪುಣೆಯ ಸದಾಶಿವ ಪೇಟೆಯಲ್ಲಿ ವಕೀಲರೊಬ್ಬರ ಮನೆ ಕಟ್ಟುತ್ತಿದ್ದ ಗುತ್ತಿಗೆದಾರರ ಬಳಿ ನಾನು ಓವರ್‌ಸಿಯರ್ ಆಗಿದ್ದೆ. ಧಾರವಾಡದಿಂದ ಬಂದು ಎರಡು ವರ್ಷವಾಗಿದ್ದರೂ ಓದಿದವನೆಂಬ ಜಂಬ ಇನ್ನೂ ಇಳಿದಿರಲಿಲ್ಲ.

ಕಡೆಯ ಕೋಣೆಯ ಚಾವಣಿಗೆ ಸ್ಲ್ಯಾಬ್ ಹಾಕಿದ ದಿನ ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆಂದು ಆರು ಇಂಚಿನ ಮೂರು ಕ್ಯೂಬುಗಳನ್ನು ಅಚ್ಚು ಹಾಕಿಸಿದೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ಸಿಮೆಂಟು ನೀರಿನೊಡನೆ ಕೂಡಿ ದಿನದಿನಕ್ಕೆ ಬಲ ಪಡೆಯುತ್ತದೆ. ಎಷ್ಟು ಬಲ ಬಂದಿದೆಯೆಂದು ಕ್ಯೂಬನ್ನು ಯಂತ್ರದಲ್ಲಿ ಒಡೆದು ನೋಡುತ್ತೇವೆ. ಅಂಗಳದಲ್ಲಿಟ್ಟರೆ ಯಾರಾದರೂ ಎಡವಿಯಾರೆಂದು ಅವನ್ನು ವಕೀಲರ ಹಳೆಯ ಮನೆಯ ಬಚ್ಚಲಲ್ಲಿ, ಹಂಡೆಯ ಒಲೆಗೆ ತಾಗಿದ ತೊಟ್ಟಿಯಲ್ಲಿ ಮುಳುಗಿಸಿಟ್ಟೆ.

ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು ಹದಿನಾಲ್ಕು ದಿನ ತೆಗೆಯುವಂತಿರಲಿಲ್ಲ. ಆದರೆ ಧನುರ್ಮಾಸ ಬರುವ ಮೊದಲೇ ಗೃಹಪ್ರವೇಶ ಆಗಬೇಕೆಂದು ವಕೀಲರ ಅವಸರ. ಏಳನೆಯ ದಿನ ಒಡೆಸಿದ ಕ್ಯೂಬುಗಳ ಬಲ ನೋಡಿ ಹಿಗ್ಗಿದ ನಾನು ಕಂಬ ಬಿಚ್ಚಲು ಹೇಳಿದೆ.

ಆ ಕಂಬಗಳನ್ನು ನಿಲ್ಲಿಸಿದ್ದ ಬಡಿಗ ಯಲ್ಲಪ್ಪ ಬೆಳಗಾವಿ ಕಡೆಯವನು. "ಥಂಡಿ ಭಾಳ ಅದರೀ ರಾಯರ, ಇನ್ನೊಂದ್ ವಾರ ಬಿಡೂಣ್ರಿ" ಎಂದ.

"ನನಗ ಕಲಿಸಾಕ ಬರಬ್ಯಾಡ" ಎಂದು ಗದರಿಸಿದೆ.

ಬಿಚ್ಚಿದ. ಸ್ಲ್ಯಾಬ್ ಕೂದಲೆಳೆಯಷ್ಟೂ ಬಾಗಲಿಲ್ಲ. ಎಳೆಯ ಕಾಂಕ್ರೀಟಿಗೆ ಬಾಗದ ಬಿಗುವು ಮೊದಲು ಬರುತ್ತದೆ, ಬಲ ಅದರ ಹಿಂದೆ ನಿಧಾನವಾಗಿ. ಬಾಗದ್ದನ್ನೇ ಬಲವೆಂದು ತಿಳಿದೆ. ಮರುದಿನ ಅದರ ಮೇಲೆ ನೆಲಕ್ಕೆ ಹಾಸುವ ಶಹಾಬಾದಿ ಫರ್ಶಿ ಕಲ್ಲುಗಳನ್ನು ಪೇರಿಸಿದರು. ಕೆಳಗೆ ಹಲಗೆ ಆಯುತ್ತಿದ್ದ ಯಲ್ಲಪ್ಪನ ಮೇಲೆ ಸ್ಲ್ಯಾಬ್ ಮುರಿದು ಬಿತ್ತು. ಹೊರಗೆಳೆಯುವಷ್ಟರಲ್ಲಿ ಜೀವ ಹೋಗಿತ್ತು.

ಸಂಜೆ ಬಚ್ಚಲಿಗೆ ಹೋಗಿ ತೊಟ್ಟಿಯಲ್ಲಿ ಕೈ ಅದ್ದಿದೆ. ನೀರು ಬೆಚ್ಚಗಿತ್ತು. ಬಿಸುಪಿನಲ್ಲಿ ಬೇಗ ಬಲಿತ ಕ್ಯೂಬುಗಳನ್ನು ನಂಬಿ, ಚಳಿಯಲ್ಲಿ ಇನ್ನೂ ಬಲಿಯದ ಸ್ಲ್ಯಾಬಿನ ಕಂಬ ಕಿತ್ತಿಸಿದ್ದೆ. ಅಲ್ಲೇ ಕೂತು ಅತ್ತುಬಿಟ್ಟೆ.

ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ದಿನವೂ ನೀರು ನಿಲ್ಲಿಸುತ್ತಿದ್ದವಳು ಯಲ್ಲಪ್ಪನ ಹೆಂಡತಿ ಗಂಗವ್ವ. ಊರಿಗೆ ಹೊರಡುವ ಮುನ್ನ ಬಂದು ನಿಂತಳು.

"ರಾಯರ, ನಾ ನೀರ್ ಕಡಿಮಿ ಹಾಕಿದ್ನೇನ್ರಿ?"

"ಇಲ್ಲವ್ವಾ, ನಿನ್ನ ನೀರು ಬರೋಬ್ಬರಿ ಇತ್ತು" ಎಂದೆ. ತಪ್ಪು ನನ್ನದು ಎನ್ನಲು ನಾಲಿಗೆ ಏಳಲಿಲ್ಲ. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ಹೋದಳು. ಮತ್ತೆಂದೂ ಸಿಗಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೂ ಕ್ಯೂಬುಗಳನ್ನು ಸ್ಲ್ಯಾಬಿನ ಮೇಲೆಯೇ, ಅದೇ ಗಾಳಿ, ಅದೇ ಚಳಿಯಲ್ಲಿ ಇಡಿಸಿದೆ. ಬಡಿಗ ಬೇಡವೆಂದ ದಿನ ಕಂಬ ಮುಟ್ಟಿಸಲಿಲ್ಲ. ಕಾಂಕ್ರೀಟಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕಾಯುವುದನ್ನು ಕಲಿತೆ. ಗಂಗವ್ವನಿಗೆ ಮಾತ್ರ ಅಂದೇ ಹೇಳಬೇಕಿತ್ತು.