ರಾಯರ ಸೆಟ್ಟಿನ ಹಳೆಯ ಬೋರ್ಡು

ಸೋಲ್ಡರಿಂಗ್ ಐರನ್ ಕಾದು ರಾಳದ ಹೊಗೆ ಎದ್ದರೆ ನನಗೆ ಹಸಿವಾಗುತ್ತದೆಂದು ನನ್ನ ಹೆಂಡತಿ ಹಾಸ್ಯ ಮಾಡುವುದುಂಟು. ಇವತ್ತು ಅದೇ ಹೊಗೆ ಎದ್ದರೂ ಊಟ ಬೇಡವೆನಿಸಿತು. ವಸ್ತ್ರಾಪುರದ ನಮ್ಮ ಫ್ಲಾಟಿನ ಊಟದ ಮೇಜಿನ ಮೇಲೆ ಗುರುನಾಥರಾಯರ ವಾಲ್ವ್ ಆಂಪ್ಲಿಫೈಯರ್ ಬೋರಲಾಗಿ ಬಿದ್ದಿದೆ. ರಾಯರು ತೀರಿಕೊಂಡು ತಿಂಗಳಾಯಿತು. ಒಂದು ಕಡೆ ಹಾಡುತ್ತಿಲ್ಲ, ಸರಿಮಾಡಿಕೊಡಿ ಎಂದು ಅವರ ಮಗಳು ಪಲ್ಲವಿ ಬೆಳಿಗ್ಗೆ ತಂದಿಟ್ಟಳು. ಇದರೊಳಗೆ ಹಿಂದೆ ರಾಯರ ಹೆಂಡತಿ ಕೈಯಾರೆ ಬೆಸೆದ ಬೋರ್ಡೊಂದಿತ್ತು. ಅದನ್ನು ಎಸೆದವನು ನಾನು.

ರಾಯರು ಧಾರವಾಡದವರು, ಇಲ್ಲಿನ ಸಂಶೋಧನಾ ಸಂಸ್ಥೆಯಲ್ಲಿ ನನಗಿಂತ ಬಹಳ ಹಿರಿಯರು. ಮದುವೆಯಾದ ಹೊಸತರಲ್ಲಿ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿದ ಸೆಟ್ಟದು. ಹೆಂಡತಿ ತೀರಿಕೊಂಡ ಮೇಲೆ ದಿನಾ ಸಂಜೆ ಅದರ ಮುಂದೆ ಕೂರುತ್ತಿದ್ದರು. ಅದೋ, ಹಾಡುವುದಕ್ಕಿಂತ ಹೆಚ್ಚು ಗುಂಯ್‌ಗುಡುತ್ತಿತ್ತು. ಕೆಟ್ಟ ಯಂತ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ನಮ್ಮ ಮಿಕ್ಸಿಯನ್ನು ಎರಡು ಬಾರಿ ಸುಧಾರಿಸಿ, ಕೊನೆಗೆ ಹೊಸದನ್ನೇ ಕೊಂಡವನು ನಾನು.

"ರಾಯರೇ, ವಾಲ್ವುಗಳು ಚೆನ್ನಾಗಿವೆ. ಡ್ರೈವರ್ ಬೋರ್ಡು ಕರಕಲಾಗಿದೆ, ಹೊಸದು ಹಾಕಿಕೊಡ್ತೀನಿ," ಅಂದೆ. ಸಣ್ಣ ದನಿಯನ್ನು ಹಿಗ್ಗಿಸಿ ದೊಡ್ಡ ವಾಲ್ವುಗಳಿಗೆ ದಾಟಿಸುವ ಅಂಗೈಯಗಲದ ತಟ್ಟೆ ಅದು.

"ಇರಲಿ ಬಿಡ್ರಿ, ಅದಕ್ಕೂ ವಯಸ್ಸಾಗೇದ," ಅಂದರು. ಸಂಕೋಚಕ್ಕೆ ಹಾಗನ್ನುತ್ತಾರೆ ಅಂದುಕೊಂಡೆ.

ಅವರು ವಡೋದರಾಕ್ಕೆ ಮಗಳ ಮನೆಗೆ ಹೋದಾಗ, ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈ ನನಗೆ ಕೊಟ್ಟಿದ್ದರು. ಬರುವಷ್ಟರಲ್ಲಿ ಹೊಸ ಬೋರ್ಡು ಕೂರಿಸಿಬಿಟ್ಟೆ. ಹಳೆಯದರ ಬೆಸುಗೆ ನೋಡಿ ನಕ್ಕಿದ್ದೂ ನೆನಪಿದೆ. ಸಬ್ಬಕ್ಕಿ ಕಾಳಿನಂಥ ಉಂಡೆಗಳು, ಒಂದೊಂದೂ ಒಂದೊಂದು ಗಾತ್ರ. ಇಷ್ಟು ದೊಡ್ಡ ಎಂಜಿನಿಯರಿನ ಕೈಗೆಲಸ ಇದೇನಾ ಅನ್ನಿಸಿತು. ಹಳೇ ಪೇಪರಿನ ಜೊತೆ ಅದನ್ನೂ ಭಂಗಾರದವನ, ಅಂದರೆ ಇಲ್ಲಿನ ಗುಜರಿಯವನ, ಕೈಗಾಡಿಗೆ ಹಾಕಿದೆ.

ರಾಯರು ಬಂದು ಹಾಡು ಕೇಳಿದರು. "ಭಾಳ ಚಲೋ ಮಾಡೀರಿ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಹಳೇದು ಎಲ್ಲಿಟ್ಟೀರಿ?" ಎಂದು ಕೇಳಿದರು.

"ಭಂಗಾರಕ್ಕೆ ಹಾಕಿದೆ. ಅದನ್ನಿಟ್ಟುಕೊಂಡು ಏನು ಮಾಡ್ತೀರಿ?" ಅಂದೆ, ಮಹಾ ಜಾಣನ ಹಾಗೆ. ಅವರು ತಲೆಯಾಡಿಸಿ ಚಹಾ ಮಾಡಲು ಒಳಗೆ ಹೋದರು.

ಬೆಳಿಗ್ಗೆ ಪಲ್ಲವಿಗೆ ನನ್ನ ಆ ಕೆಲಸವನ್ನು ಹೆಮ್ಮೆಯಿಂದಲೇ ವರ್ಣಿಸಿದೆ. ಇಲ್ಲೇ ಬೆಳೆದವಳು, ಕನ್ನಡಕ್ಕೆ ತಡವರಿಸುತ್ತಾಳೆ. "ಅಂಕಲ್, ಆ ಬೋರ್ಡ್ ಅಮ್ಮ ಮಾಡಿದ್ದು. ಮದುವೆ ಆದ್ಮೇಲೆ ಅಪ್ಪ ಸೋಲ್ಡರಿಂಗ್ ಕಲಿಸಿದ್ರಂತೆ. ಅದು ಹೋದ್ಮೇಲೆ ಅಪ್ಪ ತೀನ್... ಮೂರು ಸಂಡೇ ಊರಾಚೆ ವಟ್ವಾ ತನಕ ಹೋದ್ರು. ಎಲ್ಲಾ ಭಂಗಾರ್ ಶಾಪಲ್ಲಿ ಹುಡುಕಿದ್ರು. ನಿಮಗೆ ಹೇಳ್ಬೇಡ ಅಂದ್ರು, ಉನ್ಕೋ ಬುರಾ ಲಗೇಗಾ, ಬೇಜಾರಾಗುತ್ತೆ ಅಂತ."

ಅಂಥದ್ದೊಂದು ಭಾನುವಾರ ನಾನು ಫೋನು ಮಾಡಿದ್ದೆ. "ಹಿಂಗ ಅಡ್ಡ್ಯಾಡ್ಲಿಕ್ಕೆ ಬಂದೀನ್ರಿ," ಅಂದಿದ್ದರು. ಹಿಂದೆ ಲಾರಿಗಳ ಸದ್ದಿತ್ತು. ಅಷ್ಟು ವಯಸ್ಸಾದವರು ಬಿಸಿಲಲ್ಲಿ ಯಾರ್ಯಾರ ಗುಜರಿ ಗುಡ್ಡೆ ಕೆದಕುತ್ತಿದ್ದರೋ ಎಂದು ನೆನೆದರೆ ಈಗ ನಾಚಿಕೆಯೂ ದುಃಖವೂ ಒಟ್ಟಿಗೇ ಬರುತ್ತವೆ. ಕ್ಷಮಿಸಿ ಅನ್ನಲು ಅವರೇ ಇಲ್ಲ.

ಸೆಟ್ಟಿನ ತಪ್ಪು ಸಿಕ್ಕಿತು. ಸ್ಪೀಕರಿನ ತಂತಿ ಸೇರುವಲ್ಲಿ ಅಂದು ನಾನು ಮುಟ್ಟದೆ ಬಿಟ್ಟ ಬೆಸುಗೆಯೊಂದು ಸಡಿಲಾಗಿದೆ. ಅದೂ ಸಬ್ಬಕ್ಕಿ ಉಂಡೆಯೇ. ಐರನ್ ಒಂದು ಕ್ಷಣ ತಾಗಿಸಿದರೆ ಸಾಕು, ಕರಗಿ ನನ್ನ ಬೆಸುಗೆಯಾಗುತ್ತದೆ. ಐರನ್ನಿನ ಪ್ಲಗ್ಗು ಕಿತ್ತು ಪಲ್ಲವಿಗೆ ಫೋನು ಮಾಡಿದೆ.

"ಎಡಗಡೇದು ಹಾಡುತ್ತೆ ಕಣಮ್ಮ. ಬಲಗಡೇದು ನಾನು ಮುಟ್ಟಲ್ಲ."

"ಯಾಕೆ ಅಂಕಲ್?"

"ಅಲ್ಲಿ ನಿಮ್ಮಮ್ಮನ ಕೈ ಇದೆ," ಅಂದೆ.