ಹಿಮದ ಗೂಡಿನಲ್ಲಿ ಸೇಫ್ಟಿ ಸಾಹೇಬರು

ಅವರ ಎಡಗಿವಿಯ ಮೇಲಂಚು ಇರಲಿಲ್ಲ. ಇಲಿ ಕಚ್ಚಿದ ರೊಟ್ಟಿಯ ಹಾಗೆ ಅಲ್ಲೊಂದು ಚೂರು ಕಾಣೆಯಾಗಿತ್ತು. ಸೈನ್ಯದಲ್ಲಿದ್ದಾಗ ಹಿಮ ತಿಂದದ್ದಂತೆ. ದೇಶದ ರಾಜಧಾನಿಯ ಪಕ್ಕದ ಮಾನೇಸರಿನ ನಮ್ಮ ಕಾರ್ಖಾನೆಗೆ ಬಂದ ಹೊಸಬರು ಅದನ್ನೇ ನೋಡುತ್ತ ನಿಂತರೆ, "ಕಿವಿ ಆಮೇಲೆ ನೋಡು, ಮೊದಲು ಹೆಲ್ಮೆಟ್ಟಿನ ಪಟ್ಟಿ ಹಾಕು" ಎಂದು ಹಿಂದಿಯಲ್ಲಿ ಗದರುತ್ತಿದ್ದರು. ನನಗೆ ಮಾತ್ರ ಕನ್ನಡದಲ್ಲಿ. ಚಿತ್ರದುರ್ಗದ ಕಡೆಯವರು. ನಿವೃತ್ತಿಯ ಮೇಲೆ ಮಗಳ ಓದಿಗೆಂದು ರಾಜಧಾನಿಯ ದ್ವಾರಕಾ ಬಡಾವಣೆಯಲ್ಲಿ ಮನೆ ಮಾಡಿ, ನಮ್ಮಲ್ಲಿ ಸೇಫ್ಟಿ ಆಫೀಸರಾಗಿ ಸೇರಿಕೊಂಡಿದ್ದರು. ಎಲ್ಲರ ಬಾಯಲ್ಲೂ ಸೇಫ್ಟಿ ಸಾಹೇಬರು.

ನನ್ನ ತಾಳ್ಮೆಯನ್ನು ಅವರಷ್ಟು ಕೆಡಿಸಿದವರು ಇನ್ನೊಬ್ಬರಿಲ್ಲ. ನಾನು ಲೋಹದ ತಗಡು ಒತ್ತುವ ಪ್ರೆಸ್ ವಿಭಾಗದ ಇಂಜಿನಿಯರ್. ಶಿಫ್ಟಿನ ಗುರಿ ಮುಟ್ಟಲು ನಾವು ಒದ್ದಾಡುವ ಹೊತ್ತಿಗೇ ಬಂದು ಮೆಷಿನ್ ನಿಲ್ಲಿಸುತ್ತಿದ್ದರು. ಕೈ ಅಡ್ಡ ಬಂದರೆ ಪ್ರೆಸ್ಸನ್ನು ತಡೆಯುವ ಸೆನ್ಸರ್ ಒಂದಿರುತ್ತದೆ. ಅದರ ಮುಂದೆ ಒಂದು ಕೋಲು ಚಾಚಿ ಪರೀಕ್ಷೆ ಮಾಡುತ್ತಿದ್ದರು. ಒಮ್ಮೆಯಲ್ಲ, ಹತ್ತು ಸಲ.

"ಒಂಬತ್ತು ಸಲ ಸರಿ ಇತ್ತಲ್ಲ ಸರ್!"

"ಕೈ ಹೋಗೋಕೆ ಒಂದೇ ಸಲ ಸಾಕಯ್ಯ."

ಇಂಥ ಮಾತಿಗೇ ನನ್ನ ಮೈ ಉರಿಯುತ್ತಿತ್ತು.

ಒಂದು ಜನವರಿಯಲ್ಲಿ ಮೂರು ದಿನ ರಜೆ ಒಟ್ಟಿಗೆ ಬಂತು. ನಾನು ಮತ್ತು ರೇವಾಡಿ ಊರಿನ ನಮ್ಮ ಪ್ರೆಸ್ ಆಪರೇಟರ್ ಉತ್ತರಾಖಂಡದ ಒಂದು ಬೆಟ್ಟ ಹತ್ತಲು ಹೊರಟೆವು. ಬೆಟ್ಟ ಗೊತ್ತಿರುವವರೊಬ್ಬರು ಇರಲಿ ಎಂದು ಸಾಹೇಬರನ್ನೂ ಕರೆದೆವು. ಹಳ್ಳಿಯಿಂದ ಬೆಳಿಗ್ಗೆ ಹೊರಟು, ಮೇಲಿನ ಗುಡಿ ನೋಡಿ, ಸಂಜೆಗೆ ಇಳಿಯುವುದು, ಅಷ್ಟೆ. "ಎರಡು ಗಂಟೆಗೆ ಎಲ್ಲಿದ್ದರೂ ಅಲ್ಲಿಂದಲೇ ವಾಪಸ್" ಎಂದು ಅವರು ಮೊದಲೇ ಹೇಳಿದ್ದರು. ಎರಡು ಗಂಟೆಗೆ ಗುಡಿಯ ಬಾವುಟ ಕಣ್ಣೆದುರೇ ಹಾರಾಡುತ್ತಿತ್ತು. ಅವರು ಕೂಗುತ್ತಲೇ ಇದ್ದರು, ನಾನು ಕೇಳಿಸದವನಂತೆ ಹತ್ತಿದೆ. ನನ್ನೊಬ್ಬನನ್ನು ಬಿಡಲಾಗದೆ ಇಬ್ಬರೂ ಹಿಂದೆ ಬಂದರು. ಇಳಿಯಲು ತೊಡಗಿದಾಗ ಹಿಮ ಸುರಿಯತೊಡಗಿತ್ತು. ಒಂದು ಗಂಟೆಯಲ್ಲಿ ಕಾಲುದಾರಿ ಮುಚ್ಚಿಹೋಯಿತು, ಬೆಳಕೂ ಹೋಯಿತು.

ಹಿಮ ಸ್ವಲ್ಪ ತೆಳುವಾದಾಗ ಕೆಳಗೆ ಹಳ್ಳಿಯ ದೀಪಗಳು ಮಿನುಗಿದವು.

"ಅಗೋ ದೀಪ ಕಾಣುತ್ತೆ ಸರ್! ಒಂದು ಗಂಟೆ ನಡೆದರೆ ಮುಗೀತು."

"ದೀಪ ಕಾಣುತ್ತೆ. ದಾರಿ ಕಾಣುತ್ತಾ?"

ಬಂಡೆಯೊಂದರ ಮಗ್ಗುಲಲ್ಲಿ ಗಾಳಿ ಗುಡ್ಡೆ ಹಾಕಿದ್ದ ಹಿಮವನ್ನು ತಟ್ಟಿ ನೋಡಿ, "ಇಲ್ಲೇ ತೋಡೋಣ" ಎಂದರು. ತಟ್ಟೆ, ಡಬ್ಬಿಯ ಮುಚ್ಚಳ, ಕೈಗಳೇ ನಮ್ಮ ಸಲಿಕೆ. ನಾನು ಸಿಟ್ಟಿನಿಂದ ದಬದಬ ತೋಡುತ್ತಿದ್ದರೆ, "ನಿಧಾನ. ಬೆವರಿದರೆ ಆ ಬೆವರೇ ರಾತ್ರಿ ಹೆಪ್ಪುಗಟ್ಟುತ್ತೆ" ಎಂದು ಅಲ್ಲೂ ಪಾಠ. ಬಾಗಿಲು ತಗ್ಗಿನಲ್ಲಿ, ಕೂರುವ ಜಗಲಿ ಎತ್ತರದಲ್ಲಿ. ಒಳಗಿನ ಸೂರನ್ನು ಅಂಗೈಯಿಂದ ಸವರಿ ನುಣುಪು ಮಾಡಿಸಿದರು, ನೀರು ತಲೆಯ ಮೇಲೆ ತೊಟ್ಟಿಕ್ಕಬಾರದಂತೆ. ಕೊನೆಗೆ ಉಸಿರಿನ ಗಾಳಿಗೆಂದು ಕೋಲಿನಿಂದ ಸೂರಿಗೆ ಒಂದು ತೂತು. ಮೂವರು ಮಂಡಿ ಮಡಚಿ ಕುಳಿತರೆ ಮುಗಿಯಿತು, ಅಷ್ಟೇ ಜಾಗ.

"ಯೇ ಬುಡ್ಢಾ ಮರ್ವಾಯೇಗಾ" ಎಂದು ಆಪರೇಟರ್ ನನ್ನ ಕಿವಿಯಲ್ಲಿ ಗೊಣಗಿದ. ಈ ಮುದುಕ ನಮ್ಮನ್ನು ಸಾಯಿಸುತ್ತಾನೆ ಎಂದು ನನಗೂ ಅನ್ನಿಸಿತ್ತು.

ರಾತ್ರಿಯಿಡೀ ಅವರು ನಮ್ಮನ್ನು ಮಲಗಗೊಡಲಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಕೋಲಾಡಿಸಿ ಆ ತೂತನ್ನು ಬಿಡಿಸುವರು. ಹಿಮದ ಪುಡಿ ನಮ್ಮ ಕುತ್ತಿಗೆಯೊಳಗೆ ಬೀಳುವುದು. ಕಣ್ಣು ಮುಚ್ಚಿದರೆ ಮೊಣಕೈ ತಿವಿತ.

"ಹದಿನೇಳರ ಮಗ್ಗಿ ಹೇಳು."

"ನಿದ್ದೆ ಬರ್ತಿದೆ ಸರ್, ಬಿಡಿ."

"ಅದಕ್ಕೇ ಹೇಳು ಅಂದಿದ್ದು."

ಹದಿನೇಳಾರಲಿ ಎನ್ನುವಲ್ಲಿ ತಪ್ಪಿದೆ. ಮತ್ತೆ ಮೊದಲಿನಿಂದ ಹೇಳಿಸಿದರು. ಹಲ್ಲು ಕಡಿಯುತ್ತ ಹೇಳಿದೆ.

ಯಾವುದೋ ಹೊತ್ತಿನಲ್ಲಿ ನನ್ನ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದಾಯಿತು. ಹೇಳಬಾರದೆಂದುಕೊಂಡೇ ಹೇಳಿಬಿಟ್ಟೆ. ಅವರು ನನ್ನ ಬೂಟು ಬಿಚ್ಚಿ, ಒದ್ದೆ ಕಾಲುಚೀಲ ಎಳೆದುಹಾಕಿ, ತಮ್ಮ ಜಾಕೆಟ್ಟಿನ ಜಿಪ್ ತೆರೆದರು.

"ಕಾಲು ಕೊಡು."

"ಬೇಡ ಸರ್, ಛೇ."

"ಕೊಡಯ್ಯ ಅಂದ್ರೆ."

ನನ್ನ ಪಾದಗಳನ್ನು ಬರಿಹೊಟ್ಟೆಗೆ ಒತ್ತಿಕೊಂಡರು. ಆ ತಣ್ಣನೆಯ ಕಾಲು ತಗಲಿದಾಗ ಅವರ ಇಡೀ ದೇಹ ಒಮ್ಮೆ ಸೆಟೆದದ್ದು ನನ್ನ ಅಂಗಾಲಿಗೆ ತಿಳಿಯಿತು. ಬೆಳಗಾಗುವವರೆಗೂ ಬಿಡಲಿಲ್ಲ. ನಾನು ಥ್ಯಾಂಕ್ಸ್ ಎನ್ನಲಿಲ್ಲ. ಇವರು ಹೇಳಿದಂತೆ ಎರಡು ಗಂಟೆಗೆ ತಿರುಗಿದ್ದರೆ ಈ ಹೊಟ್ಟೆಯ ಋಣ ಬೇಕಿರಲಿಲ್ಲ ಎಂಬುದೇ ಚುಚ್ಚುತ್ತಿತ್ತು.

ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿತ್ತು. ನಲವತ್ತು ನಿಮಿಷದಲ್ಲಿ ಹಳ್ಳಿ ತಲುಪಿಬಿಟ್ಟೆವು. ದಾರಿಯಲ್ಲಿ ಒಂದು ಪ್ರಪಾತವೂ ಸಿಗಲಿಲ್ಲ. ನನಗೆ ತಡೆಯಲಾಗಲಿಲ್ಲ. "ನೋಡಿ ಸರ್, ಬರೀ ನಲವತ್ತು ನಿಮಿಷ! ಸುಮ್ಮನೆ ಒಂದು ರಾತ್ರಿ ಹಾಳು."

ಅವರು ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. "ಹೂಂ. ಆಗದೇ ಇದ್ದದ್ದಕ್ಕೆ ನಾನು ಎಲ್ಲಿಂದ ಸಾಕ್ಷಿ ತರಲಿ?" ಎಂದರು.

ಎರಡು ತಿಂಗಳ ಮೇಲೆ ಒಂದು ಪ್ರೆಸ್ಸಿನ ಸೆನ್ಸರ್ ಕೈಕೊಟ್ಟಿತು. ಸಾಹೇಬರು ಆ ಪ್ರೆಸ್ಸಿಗೇ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದರು. ಹೊಸ ಸೆನ್ಸರ್ ಬರುವವರೆಗೆ ತೆರೆಯುವುದಿಲ್ಲ ಎಂದರು. ಎರಡನೆಯ ದಿನ ಮ್ಯಾನೇಜರು ಮೀಟಿಂಗ್ ಕರೆದು ನನ್ನನ್ನು ಕೇಳಿದರು, "ನೀವೇ ಹೇಳಿ, ಅದು ನಿಜವಾಗಿ ಕೆಟ್ಟಿದೆಯಾ?" ಅದು ಕೆಲಸ ಮಾಡದ್ದನ್ನು ನಾನೇ ಕಂಡಿದ್ದೆ. ಆದರೆ ಆ ವಾರ ನನ್ನ ಬಡ್ತಿಯ ಫೈಲು ಅದೇ ಮೇಜಿನ ಮೇಲಿತ್ತು. "ಖಚಿತವಾಗಿ ಹೇಳೋಕಾಗಲ್ಲ" ಎಂದೆ. ಸಾಹೇಬರು ನನ್ನತ್ತ ನೋಡಿದರು. ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದು ಹೋದರು. ಅವರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ನನ್ನ ಬಡ್ತಿ ಬಂತು.

ಮಳೆಗಾಲದಲ್ಲಿ, ಸೆನ್ಸರ್ ಬದಲಿಸದೆಯೇ ಓಡಿಸುತ್ತಿದ್ದ ಅದೇ ಪ್ರೆಸ್ ರೇವಾಡಿಯ ಆಪರೇಟರನ ಬಲಗೈಯ ಎರಡು ಬೆರಳು ತೆಗೆದುಕೊಂಡಿತು.

ಆಸ್ಪತ್ರೆಗೆ ಸಾಹೇಬರು ಮೆಟ್ರೋ, ಬಸ್ಸು ಹಿಡಿದು ಬಂದರು. ಮಂಚದ ಪಕ್ಕ ಕುಳಿತು ಅವನ ಎಡಗೈ ಹಿಡಿದುಕೊಂಡರು. ಅವರು ನನ್ನನ್ನು ಬೈಯಲಿ ಎಂದು ಗೋಡೆಗೊರಗಿ ಕಾದೆ. ಬೈಯಲಿಲ್ಲ. ಬೈದುಬಿಟ್ಟಿದ್ದರೆ ನನಗಷ್ಟು ಹಗುರವಾಗುತ್ತಿತ್ತು. ಅದನ್ನೂ ಕೊಡಲಿಲ್ಲವಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಆಪರೇಟರನ ಅಜಾಗರೂಕತೆಯೇ ಕಾರಣ ಎಂದು ಕಾರ್ಖಾನೆ ವರದಿ ಬರೆಯಿತು. ಅವನು ಕಾರ್ಮಿಕ ಇಲಾಖೆಗೆ ದೂರು ಕೊಟ್ಟ. ಹತ್ತು ದಿನ ಒದ್ದಾಡಿ ನಾನು ನನ್ನ ಹೇಳಿಕೆ ಬರೆದೆ: ಸೆನ್ಸರ್ ಕೆಟ್ಟಿತ್ತು, ನನಗೆ ಗೊತ್ತಿತ್ತು, ಮೀಟಿಂಗಿನಲ್ಲಿ ನಾನು ಸುಳ್ಳು ಹೇಳಿದೆ. ಅದನ್ನು ಹಿಡಿದು ದ್ವಾರಕಾಕ್ಕೆ ಹೋದೆ. ಅದು ದೀಪಾವಳಿ ಕಳೆದು ಊರಿಗೆಲ್ಲ ಹೊಗೆ ಕವಿಯುವ ಕಾಲ. ಸಾಹೇಬರ ಶ್ವಾಸಕೋಶ ಸೋತಿತ್ತು, ಮೂಗಿಗೆ ಆಕ್ಸಿಜನ್ ನಳಿಕೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ತಡ ಆಯ್ತು" ಎಂದರು. ಉಸಿರು ಎಳೆದುಕೊಂಡು, "ಆದ್ರೂ ಕೊಡು."

ಕೊಟ್ಟೆ. ಕೆಲಸ ಹೋಯಿತು. ಈಗ ಗ್ರೇಟರ್ ನೋಯ್ಡಾದ ಸಣ್ಣ ಘಟಕವೊಂದರಲ್ಲಿದ್ದೇನೆ. ಆ ಚಳಿಗಾಲ ದಾಟುವ ಮೊದಲೇ ಸಾಹೇಬರು ತೀರಿಕೊಂಡರು. ವಿಚಾರಣೆ ಮಾತ್ರ ಮುಗಿದಿಲ್ಲ. ಒಮ್ಮೆ ಅಧಿಕಾರಿ ಬಂದಿರುವುದಿಲ್ಲ, ಒಮ್ಮೆ ಕಾರ್ಖಾನೆಯ ವಕೀಲರಿಗೆ ಹುಷಾರಿರುವುದಿಲ್ಲ. ಪ್ರತಿ ಸಲವೂ ಅರ್ಧ ದಿನ ಬೆಂಚಿನ ಮೇಲೆ ಕೂತು ಬರುತ್ತೇನೆ. ಮುಂದಿನ ತಾರೀಖು ಗುರುವಾರ. ರಜೆ ಹಾಕಿದ್ದೇನೆ.